ನರಸಯ್ಯನ ಅಳತೆ ಕಾಯಿ

ಹೊಟ್ಟೆಕಿಚ್ಚಿಗೆ ತುಮಕೂರಿನ ಯಾವ ಡಾಕ್ಟರೂ ಔಷಧಿ ಬರೆದುಕೊಟ್ಟಿದ್ದನ್ನು ಕಂಡವರಿಲ್ಲ. ಅಂಥದೊಂದು ಔಷಧಿ ಇದ್ದಿದ್ದರೆ ಗುಬ್ಬಿ ರಸ್ತೆಯ ಸೈಕಲ್ ರಿಪೇರಿ ಅಂಗಡಿಯ ನರಸಯ್ಯ ಅದನ್ನು ಊಟಕ್ಕೆ ಮುಂಚೆ, ಊಟ ಆದಮೇಲೆ ಕುಡಿದು ಸುಖವಾಗಿರುತ್ತಿದ್ದ. ಅವನ ಹೊಟ್ಟೆಯೊಳಗಿನ ಬೆಂಕಿಗೆ ಹೆಸರು, ವಿಳಾಸ ಎರಡೂ ಇದ್ದವು. ಹೆಸರು ರಾಮಾಂಜಿನಯ್ಯ, ವಿಳಾಸ ಗುಬ್ಬಿ.

ಗುಬ್ಬಿಯಲ್ಲಿ ನೇಗಿಲು, ಗಾಡಿ, ಬಾಗಿಲು ಮಾಡಿಕೊಂಡಿದ್ದ ಈ ರಾಮಾಂಜಿನಯ್ಯ ನರಸಯ್ಯನ ಷಡ್ಡಕ. ಹೆಬ್ಬೂರಿನ ತಿಪ್ಪಮ್ಮನ ಹಿರಿಯ ಮಗಳು ಲಕ್ಷ್ಮೀದೇವಮ್ಮ ನರಸಯ್ಯನ ಹೆಂಡತಿ, ಕಿರಿಯವಳು ರಂಗಲಕ್ಷ್ಮಮ್ಮ ರಾಮಾಂಜಿನಯ್ಯನ ಹೆಂಡತಿ. ಇಬ್ಬರೂ ಒಂದೇ ಮನೆಯ ಅಳಿಯಂದಿರು ಅಂದಮೇಲೆ ಇಬ್ಬರಿಗೂ ಒಂದೇ ಮರ್ಯಾದೆ ಸಿಗಬೇಕಲ್ಲವೇ? ಸಿಗುತ್ತಿರಲಿಲ್ಲ. ತಿಪ್ಪಮ್ಮ ನರಸಯ್ಯನ ಅಪ್ಪನ ಒಡಹುಟ್ಟಿದ ತಂಗಿ. ಇವನು ಚಡ್ಡಿಯಿಲ್ಲದೆ ಓಡಾಡುತ್ತಿದ್ದ ಕಾಲದಿಂದ ಇವನನ್ನು ಕಂಡವಳು. ಮಗಳನ್ನು ಧಾರೆ ಎರೆದುಕೊಟ್ಟ ಮೇಲೂ ಅವಳ ಬಾಯಲ್ಲಿ ಇವನು 'ಲೋ ನರಸ'ನಾಗಿಯೇ ಉಳಿದ. ರಾಮಾಂಜಿನಯ್ಯ ಹೊರಗಿನ ಸಂಬಂಧ. ಅವನು ಹೊಸಿಲು ತುಳಿದರೆ ಸಾಕು, "ಬನ್ನಿ ಅಳಿಯಂದ್ರೆ, ಕುಂತ್ಕಳಿ" ಎಂದು ಕುರ್ಚಿ ಬರುತ್ತಿತ್ತು. ಅದೇ ಉಸಿರಿನಲ್ಲಿ, "ಲೋ ನರಸ, ಎಮ್ಮೆ ಹಗ್ಗ ಕಿತ್ಕಂಡು ಹೋಗದೆ, ಹಿಡ್ಕಂಬಾರ್ಲಾ!"

ಹೊಸ ಪಂಚೆ ಉಟ್ಟ ಹಿರಿಯ ಅಳಿಯ ಎಮ್ಮೆಯ ಹಿಂದೆ ಓಡುವುದು, ಕಿರಿಯ ಅಳಿಯ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತ ಅದನ್ನು ನೋಡುವುದು, ಇದು ಹೆಬ್ಬೂರಿನಲ್ಲಿ ಪ್ರತಿ ಹಬ್ಬಕ್ಕೂ ನಡೆಯುತ್ತಿತ್ತು. ನರಸಯ್ಯನಿಗೆ ಆಸ್ತಿ ಬೇಕಿರಲಿಲ್ಲ, ಅಂತಸ್ತು ಬೇಕಿರಲಿಲ್ಲ. ಅತ್ತೆ ಒಂದೇ ಒಂದು ಸಲ, ಆ ಷಡ್ಡಕನ ಎದುರಿಗೇ, ತನ್ನನ್ನು 'ಅಳಿಯಂದ್ರೆ' ಎಂದು ಕರೆದುಬಿಟ್ಟರೆ ಸಾಕಿತ್ತು.

ಹೀಗಿರುವಾಗ ಎಪ್ಪತ್ತೆಂಟನೇ ಇಸವಿಯ ಸುಮಾರಿಗೆ ಕುಣಿಗಲ್ ಹತ್ತಿರ ತೋಟ ಕೊಂಡು ಒಬ್ಬ ನಿವೃತ್ತ ಕರ್ನಲ್ ಸಾಹೇಬರು ಬಂದು ನೆಲೆಸಿದರು. ತೋಟದ ಪಕ್ಕದ ಬೀಳು ಜಮೀನಿನಲ್ಲಿ ಅಲ್ಲಲ್ಲಿ ಕುಳಿ ತೋಡಿಸಿ, ಕುಳಿಗೊಂದು ಬಾವುಟ ನೆಟ್ಟು, ಸಣ್ಣದೊಂದು ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು ಅದರ ಹಿಂದೆ ತಾವೇ ನಡೆದುಕೊಂಡು ಹೋಗುತ್ತಿದ್ದರು. ಅಷ್ಟು ದೊಡ್ಡ ಮನುಷ್ಯರು ತಾವೇ ಎಸೆದದ್ದನ್ನು ತಾವೇ ಹುಡುಕುವುದು ಕಂಡು ಕುರಿ ಕಾಯುವವರಿಗೆ ಕನಿಕರವಾಗುತ್ತಿತ್ತು. ಅದು ಗಾಲ್ಫ್ ಎಂಬ ಆಟ ಎಂದು ಆಮೇಲೆ ತಿಳಿಯಿತು. ಒಂದು ದಿನ ಕೋಲಿನ ಮರದ ತಲೆ ಒಡೆದುಹೋಯಿತು. ಯಾರೋ ಗುಬ್ಬಿಯ ರಾಮಾಂಜಿನಯ್ಯನ ಹೆಸರು ಹೇಳಿದರು. ಅವನು ಜಾಲಿ ಮರದಲ್ಲಿ ಹೊಸ ತಲೆ ಕೆತ್ತಿಕೊಟ್ಟ. ಕರ್ನಲ್ಲರು ಹೊಡೆದ ಚೆಂಡು ಪಕ್ಕದ ಊರಿನ ಗಡಿ ದಾಟಿತು. ಅಲ್ಲಿಂದ ಬೆಂಗಳೂರಿನ ಅವರ ಸ್ನೇಹಿತರಿಗೂ ಕೋಲು ಮಾಡಿಕೊಡುವ ಕೆಲಸ ಶುರುವಾಗಿ, ಮಿಲಿಟರಿ ಜೀಪು ರಾಮಾಂಜಿನಯ್ಯನ ಮನೆ ಮುಂದೆ ನಿಲ್ಲತೊಡಗಿತು.

ಆ ಜೀಪು ಗುಬ್ಬಿಗೆ ಹೋಗಬೇಕಾದರೆ ನರಸಯ್ಯನ ಅಂಗಡಿಯ ಮುಂದೆಯೇ ಹಾದುಹೋಗಬೇಕಿತ್ತು. ಅದು ಎಬ್ಬಿಸಿದ ಧೂಳನ್ನು ನರಸಯ್ಯ ಕಣ್ಣಲ್ಲಿ, ಮೂಗಲ್ಲಿ, ಹೊಟ್ಟೆಯಲ್ಲಿ ಎಲ್ಲ ಕಡೆಯೂ ತುಂಬಿಕೊಂಡ.

ಆ ವರ್ಷದ ಯುಗಾದಿಗೆ ಹೆಬ್ಬೂರಿನಲ್ಲಿ ತಿಪ್ಪಮ್ಮ ಬೀದಿಯವರನ್ನೆಲ್ಲ ಕರೆದು ಹೇಳಿದಳು. "ನಮ್ಮ ಅಳಿಯಂದ್ರು ಮಿಲಿಟ್ರಿಯೋರ್ಗೆ ಆಯುಧ ಮಾಡ್ಕೊಡ್ತಾವ್ರೆ!"

"ಆಯುಧ ಅಲ್ಲತ್ತೆ, ಆಟದ ಕೋಲು" ಎಂದ ನರಸಯ್ಯ.

"ನೀನು ಸುಮ್ಕಿರ್ಲಾ. ಪಂಚರ್ ಹಾಕೋನ್ಗೆ ಏನ್ ಗೊತ್ತಾಯ್ತದೆ."

ಇಷ್ಟು ಸಾಕಾಯಿತು. ಕರ್ನಲ್ಲರು ಒಮ್ಮೆ ಜೀಪಿಗೆ ಪಂಚರ್ ಹಾಕಿಸುವಾಗ ಪಕ್ಕದವರೊಂದಿಗೆ ಆಡುತ್ತಿದ್ದ ಮಾತೊಂದು ನರಸಯ್ಯನ ಕಿವಿಗೆ ಬಿದ್ದಿತ್ತು. ಅದನ್ನೇ ಹಿಡಿದು ಎದ್ದು ನಿಂತ. "ತಲೆ ಯಾರ್ ಬೇಕಾರೂ ಕೆತ್ತಬೌದು. ಕೋಲಿನ ಜೀವ ಇರಾದು ಬಾಗಲ್ಲಿ! ತಲೆ ಕೆಳ್ಗೆ ಒಂದು ಸ್ಟೀಲ್ ಕಡ್ಡಿ ಇರ್ತದಲ್ಲ, ಅದು ಎಷ್ಟು ಬಾಗ್ತದೆ ಅಂತ ಅಳಿಯಾದೇ ದೊಡ್ಡ ವಿದ್ಯೆ. ಈ ಸೀಮೇಲಿ ಅದು ಗೊತ್ತಿರಾದು ನಂಗೊಬ್ನಿಗೇ."

ಹೇಳಿ ಕೂತ. ಅವನ ಲೆಕ್ಕದಲ್ಲಿ ಮಾತು ಅಲ್ಲಿಗೆ ಮುಗಿದಿತ್ತು. ಆದರೆ ರಾಮಾಂಜಿನಯ್ಯ ಒಳ್ಳೆಯ ಮನುಷ್ಯ. ಹೊಟ್ಟೆಕಿಚ್ಚಿನವನಿಗೆ ಇದಕ್ಕಿಂತ ದೊಡ್ಡ ತೊಂದರೆ ಇಲ್ಲ. "ನಮ್ಮ ನರಸಣ್ಣನಿಗೆ ಬಾಗು ಅಳಿಯೋಕೆ ಬರ್ತದೆ ಸಾರ್" ಎಂದು ಅವನು ನೇರ ಕರ್ನಲ್ಲರಿಗೇ ಹೇಳಿಬಿಟ್ಟ. ಮಾರನೆಯ ವಾರ ಜೀಪು ಗುಬ್ಬಿಗೆ ಹೋಗದೆ ನರಸಯ್ಯನ ಅಂಗಡಿಯ ಮುಂದೆ ನಿಂತಿತು.

"ನೋಡು ನರಸಯ್ಯ" ಎಂದು ಕರ್ನಲ್ಲರು ಕಡ್ಡಿಗಳ ಕಟ್ಟೊಂದನ್ನು ಬೆಂಚಿನ ಮೇಲೆ ಇಳಿಸಿದರು. "ಶಾಫ್ಟೆಲ್ಲ ಫಾರಿನ್ ಮಾಲು. ಲೇಬಲ್ ಕಿತ್ತುಹೋಗಿದೆ. ಕೆಲವು ಮೆತ್ತಗೆ, ಲೇಡೀಸ್‌ಗೆ. ಕೆಲವು ಸಾಧಾರಣ. ಕೆಲವು ಗಟ್ಟಿ. ಒಂದು ಸೆಟ್ಟಲ್ಲಿ ಎಲ್ಲಾ ಒಂದೇ ಥರ ಬಾಗಬೇಕು, ಇಲ್ಲದಿದ್ರೆ ಚೆಂಡು ಎಲ್ಲೆಲ್ಲಿಗೋ ಹೋಗುತ್ತೆ. ನೀನು ಅಳೆದು ಗುರುತು ಹಾಕು, ರಾಮಾಂಜಿನಿ ತಲೆ ಕೂರಿಸ್ತಾನೆ."

ಅಂದರೆ ಇವನು ಗುರುತು ಹಾಕದೆ ಅವನು ಕೈ ಹಾಕುವಂತಿಲ್ಲ! ನರಸಯ್ಯ ನಿಂತಲ್ಲೇ ಅರ್ಧ ಅಡಿ ಎತ್ತರವಾದ.

ಅವನು ಮಾಡಿದ ಏರ್ಪಾಡು ನಿಜಕ್ಕೂ ಚೆನ್ನಾಗಿತ್ತು, ಹೇಳದಿದ್ದರೆ ತಪ್ಪಾಗುತ್ತದೆ. ಕಡ್ಡಿಯ ದಪ್ಪ ತುದಿಯನ್ನು ವೈಸಿನ ಕಬ್ಬಿಣದ ದವಡೆಯಲ್ಲಿ ಬಿಗಿದು, ಎಲ್ಲವನ್ನೂ ಒಂದೇ ಗುರುತಿನ ತನಕ ಒಳಗೆ ತೂರಿಸಿ, ಸಣ್ಣ ತುದಿಗೆ ಒಂದೇ ಜಾಗದಲ್ಲಿ ಭಾರ ಕಟ್ಟಿ ಇಳಿಬಿಡುವುದು. ತುದಿ ಎಷ್ಟು ಕೆಳಗಿಳಿಯಿತು ಎಂಬುದನ್ನು ಹಿಂದಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ನೋಡುವುದು. ತುಂಬ ಇಳಿದರೆ ಹೆಣ್ಬಾಗು, ಸಾಧಾರಣ ಇಳಿದರೆ ಗಂಡ್ಬಾಗು, ಇಳಿಯಲೋ ಬೇಡವೋ ಎಂದರೆ ಮಿಲಿಟರಿ ಬಾಗು. ಉಳಿದದ್ದು ಏನನ್ನು ಭಾರ ಕಟ್ಟುವುದು ಎಂಬುದೊಂದೇ.

ಪಕ್ಕದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಏಕಾಂತಯ್ಯ, "ನನ್ನ ತೂಕದ ಕಲ್ಲು ತಗೊಂಡೋಗಯ್ಯ" ಎಂದ. ಬೇರೆ ಯಾರಾದರೂ ಆಗಿದ್ದರೆ ತೆಗೆದುಕೊಳ್ಳುತ್ತಿದ್ದರು. ನರಸಯ್ಯನ ತಲೆ ಗುಬ್ಬಿಯ ಕಡೆಗೇ ಓಡಿತು. "ತೂಕದ ಕಲ್ಲು ಗುಬ್ಬೀಲಿ ಸಿಗಾಕಿಲ್ವಾ? ನಾನು ಕಲ್ಲು ಕಟ್ಟಿದ್ರೆ ನಾಳೆ ಅವ್ನೂ ಕಲ್ಲು ಕಟ್ತಾನೆ. ಆಮೇಲೆ ನಾನ್ಯಾಕೆ ಬೇಕು ಕರ್ನಲ್ಲಿಗೆ?" ಷಡ್ಡಕ ಏನು ಮಾಡಿದರೂ ನಕಲು ಮಾಡಲಾಗದ ಭಾರ ಬೇಕಿತ್ತು. ಲೋಕದಲ್ಲಿ ಒಂದರ ಹಾಗೆ ಇನ್ನೊಂದಿಲ್ಲದ ವಸ್ತು ಯಾವುದೆಂದು ಯೋಚಿಸಿ ಯೋಚಿಸಿ, ತನ್ನ ಹಿತ್ತಿಲ ಮರದಿಂದ ಸಿಪ್ಪೆ ಸುಲಿಯದ ದಪ್ಪದೊಂದು ತೆಂಗಿನಕಾಯಿ ಕಿತ್ತು ತಂದು ಹುರಿಹಗ್ಗದಲ್ಲಿ ಕಟ್ಟಿದ. ಆ ಕಾಯಿಯ ತೂಕ ಎಷ್ಟೆಂದು ಅವನೂ ನೋಡಿಕೊಳ್ಳಲಿಲ್ಲ. ತನಗೇ ಗೊತ್ತಿಲ್ಲದ್ದನ್ನು ಕದಿಯುವವರು ಯಾರು?

ಮೊದಲ ಕಟ್ಟು ಅಳೆಯುತ್ತಿರುವಾಗಲೇ ತೂಕ ಅಳತೆ ಇಲಾಖೆಯ ಇನ್‌ಸ್ಪೆಕ್ಟರು ಗಿರಣಿಗೆ ಬಂದರು. ಅವರ ಗಮನ ತನ್ನ ತಕ್ಕಡಿಯ ಮೇಲಿಂದ ಬೇರೆ ಕಡೆಗೆ ತಿರುಗಲಿ ಎಂದು ಏಕಾಂತಯ್ಯ ಗೋಡೆಯಾಚೆಗೆ ಬೊಟ್ಟು ಮಾಡಿದ. ಇನ್‌ಸ್ಪೆಕ್ಟರು ನರಸಯ್ಯನ ಅಂಗಡಿಗೆ ನುಗ್ಗಿದರು.

"ಏನ್ರೀ ಇದು?"

"ಕಾಯಿ ಸಾರ್."

"ಕಾಯಿ ಅಂತ ನನಗೂ ಕಾಣುತ್ತೆ. ಇದನ್ನ ತೂಕಕ್ಕೆ ಇಟ್ಕೊಂಡಿದ್ದೀರಂತೆ. ಸರ್ಕಾರದ ಮೊಹರು ಎಲ್ಲಿ?" ಎಂದು ಕಾಯಿಯನ್ನು ಮೊಹರಿಗಾಗಿ ಸುತ್ತಲೂ ತಿರುಗಿಸಿ ನೋಡಿದರು.

"ತೂಕದ್ದಲ್ಲ ಸಾರ್, ಇದು ದೇವ್ರ ಕಾಯಿ! ಹರಕೆ ಸಾರ್!"

"ದೇವರ ಕಾಯಿಗೆ ಅರಿಶಿನ ಕುಂಕುಮ ಬೇಡವೇನ್ರೀ?"

"ಅದೇ ತರಾಕೆ ಹೊಂಟಿದ್ದೆ ಸಾರ್" ಎಂದವನೇ ಅಂಗಡಿಯ ಹಿಂದಿನ ಮನೆಯೊಳಕ್ಕೆ ಓಡಿ, ಹೆಂಡತಿಯ ಕುಂಕುಮದ ಬಟ್ಟಲನ್ನೇ ತಂದು ಕಾಯಿಗೆ ಮೆತ್ತಿದ. ಇನ್‌ಸ್ಪೆಕ್ಟರು ಚಪ್ಪಲಿ ಕಳಚಿ, ಕೈ ಮುಗಿದು, ಹಿಂದೆ ಹಿಂದಕ್ಕೆ ಹೆಜ್ಜೆಯಿಟ್ಟು ಹೊರಟುಹೋದರು.

ನರಸಯ್ಯ ಬೆವರು ಒರೆಸಿಕೊಂಡು ಗೆದ್ದೆ ಎಂದುಕೊಂಡ. ಆದರೆ ರಾಗಿ ಡಬ್ಬ ಹಿಡಿದು ಗಿರಣಿಯ ಮುಂದೆ ಕೂತಿದ್ದ ಹೆಂಗಸರು ಎಲ್ಲವನ್ನೂ ನೋಡಿದ್ದರು. ಕುಂಕುಮ ಮೆತ್ತಿದ ಕಾಯಿ, ಅದನ್ನು ಕಟ್ಟಿದ ಉಕ್ಕಿನ ಕಡ್ಡಿ, ಕಡ್ಡಿ ಬಾಗಿದಂತೆಲ್ಲ ಗೋಡೆಯ ಮೇಲೆ ಏಳುವ ಕೆಂಪು ಗೆರೆ, ಮೇಲೆ ಹರಕೆ ಎಂಬ ಮಾತು ಬೇರೆ.

"ಹರಕೆ ಅಂತೆ! ಯಾರ್ ಮ್ಯಾಲೆ?"

"ಇನ್ಯಾರ್ ಮ್ಯಾಲೆ? ಆ ಗುಬ್ಬಿ ಷಡ್ಡಕನ ಮ್ಯಾಲೆ. ಆವಯ್ಯನ ಹೆಸ್ರು ಎತ್ತಿದ್ರೆ ಇವ್ನು ಉರ್ಕಂಡು ಬೀಳ್ತಾನಲ್ಲ!"

"ಹರಕೆ ಅಲ್ಲ ಕಣೆ ಅದು. ಮಾಟ."

ಹಿಟ್ಟಿನ ಬಿಸಿ ಆರುವುದರೊಳಗೆ ಸುದ್ದಿ ಬಸ್ಸು ಹತ್ತಿ ಗುಬ್ಬಿಯಲ್ಲಿ ಇಳಿಯಿತು. ರಾಮಾಂಜಿನಯ್ಯ ಅದನ್ನು ಕೇಳುವಾಗ ಬಗ್ಗಿ ಕೂತು ಕೋಲಿನ ತಲೆ ಕೆತ್ತುತ್ತಿದ್ದ. ಕೇಳಿ ಏಳಲು ಹೋದರೆ ಬೆನ್ನು ನೆಟ್ಟಗಾಗಲಿಲ್ಲ. ದಿನವೆಲ್ಲ ಬಗ್ಗಿ ಕೆತ್ತುವವನ ಬೆನ್ನು ಹಿಡಿದುಕೊಳ್ಳದೆ ಇನ್ನೇನಾಗುತ್ತದೆ? ಆದರೆ ಅವನಿಗೆ ಕಂಡದ್ದು ತುಮಕೂರಿನ ಆ ಬಾಗಿದ ಕಡ್ಡಿಯೇ. "ನರಸಣ್ಣ ಅಲ್ಲಿ ಕಡ್ಡಿ ಬಗ್ಗುಸ್ತಾವ್ನೆ, ಇಲ್ಲಿ ನನ್ ಬೆನ್ನು ಬಗ್ತಾ ಅದೆ ಕಣೇ" ಎಂದು ಹೆಂಡತಿಯ ಹತ್ತಿರ ಗೋಳಾಡಿದ. ಒಳ್ಳೆಯವನಾದ್ದರಿಂದ ಯಾರಿಗೂ ಹೇಳಬೇಡ ಎಂದೂ ಆಣೆ ಹಾಕಿಸಿಕೊಂಡ.

ಇತ್ತ ನರಸಯ್ಯನಿಗೆ ಇದಾವುದೂ ಗೊತ್ತಿಲ್ಲ. ಮೊದಲ ಕಟ್ಟು ಮುಗಿದ ಮೇಲೆ ಕಾಯಿಯನ್ನು ಯಾರ ಕೈಗೂ ಸಿಗದಂತೆ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿಟ್ಟ. ಒಲೆಯ ಹೊಗೆಗೆ ಅಟ್ಟದ ಮೇಲೆ ತೆಂಗಿನಕಾಯಿ ಇಟ್ಟರೆ ಏನಾಗುತ್ತದೆ ಎಂಬುದು ಈ ಸೀಮೆಯ ಹಸುಗೂಸಿಗೂ ಗೊತ್ತು. ನರಸಯ್ಯನಿಗೂ ಗೊತ್ತಿತ್ತು. ಆದರೆ ಅವನ ಪಾಲಿಗೆ ಅದು ತೆಂಗಿನಕಾಯಿಯಾಗಿ ಉಳಿದಿರಲಿಲ್ಲ.

ಮಳೆಗಾಲ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ಕರ್ನಲ್ಲರು ಎರಡನೇ ಕಟ್ಟು ತಂದರು. ಕಾಯಿಯನ್ನು ಅಟ್ಟದಿಂದ ಇಳಿಸಿಕೊಟ್ಟ ಲಕ್ಷ್ಮೀದೇವಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿದಳು. "ಹಗುರ ಆಗದೆ ಕಣ್ರೀ. ಇದನ್ನ ಅಡುಗೆಗೆ ಕೊಟ್ಬುಡಿ, ಬೇರೆ ಕಾಯಿ ತಗಳಿ."

"ಮುಟ್ಬ್ಯಾಡ ಕಣೇ! ಅದು ಕಾಯಲ್ಲ, ಸ್ಟ್ಯಾಂಡರ್ಡು!" ಎಂದು ನರಸಯ್ಯ ಕಿತ್ತುಕೊಂಡ.

ಈ ಸಲ ಯಾವ ಕಡ್ಡಿಗೆ ಕಾಯಿ ಕಟ್ಟಿದರೂ ತುದಿ ಗೋಡೆಯ ಗೆರೆಗಳ ಕಡೆ ತಿರುಗಿಯೂ ನೋಡಲಿಲ್ಲ. ಹೆಣ್ಬಾಗು ಒಂದೂ ಇಲ್ಲ, ಗಂಡ್ಬಾಗು ಅಪರೂಪಕ್ಕೊಂದು, ಉಳಿದದ್ದೆಲ್ಲ ಮಿಲಿಟರಿ. ನರಸಯ್ಯನಿಗೆ ಅನುಮಾನ ಬರಲಿಲ್ಲ. "ಈ ಸಲದ ಮಾಲು ಬಲು ಗಟ್ಟಿ ಸಾರ್" ಎಂದು ಗುರುತು ಹಾಕಿ ಕೊಟ್ಟ. ರಾಮಾಂಜಿನಯ್ಯ ಹಳೆಯ ಮಿಲಿಟರಿ, ಹೊಸ ಮಿಲಿಟರಿ ಎರಡನ್ನೂ ಸೇರಿಸಿ ತಲೆ ಕೂರಿಸಿದ. ಸೆಟ್ಟುಗಳು ಬೆಂಗಳೂರಿಗೆ ಹೋದವು.

ರಂಗಲಕ್ಷ್ಮಮ್ಮ ಅಷ್ಟು ತಿಂಗಳು ಆಣೆ ಕಾಯ್ದುಕೊಂಡಿದ್ದೇ ದೊಡ್ಡದು. ಕಾಯಿ ಮತ್ತೆ ಅಟ್ಟದಿಂದ ಇಳಿದಿದೆ ಎಂಬ ಸುದ್ದಿ ಬಂದದ್ದೇ ತಡ, ಹೆಬ್ಬೂರಿಗೆ ಹೋಗಿ ಅವ್ವನ ಮುಂದೆ ಎಲ್ಲ ಸುರಿದಳು. ತಿಪ್ಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಬ್ಬಿಯಿಂದ ಅಳಿಯನನ್ನು ಕರೆಸಿಕೊಂಡು, ತುಮಕೂರಿನ ಬಸ್ಸು ಹತ್ತಿದಳು. ರಾಮಾಂಜಿನಯ್ಯ ಸೊಂಟಕ್ಕೆ ಟವೆಲ್ಲು ಬಿಗಿದುಕೊಂಡು ಹೆಂಡತಿಯ ಜೊತೆ ಹಿಂದೆ ಬಂದ.

"ತೆಗಿಯೋ ನರಸ, ಆ ಮಾಟವ!" ಎಂದು ಅವಳು ಅಂಗಡಿಯ ಮುಂದೆ ನಿಂತು ಕೂಗಿದ ರಭಸಕ್ಕೆ ಗಿರಣಿಯ ಬೆಲ್ಟು ನಿಂತಿತು. ಏಕಾಂತಯ್ಯ ಮೈಯೆಲ್ಲ ಹಿಟ್ಟಾಗಿಯೇ ಹೊರಗೆ ಬಂದ. ಹೆಂಗಸರು ರಾಗಿ ಡಬ್ಬ ಕೆಳಗಿಟ್ಟರು.

"ಯಾವ ಮಾಟ ಅತ್ತೆ?"

"ಒಡಹುಟ್ಟಿದೋರಂಗೆ ಇರಬೇಕಾದೋನ ಬೆನ್ನು ಮುರ್ದಿದ್ದೀಯಲ್ಲೋ ಪಾಪಿ! ನೋಡ್ಲಾ ಅಳಿಯಂದ್ರು ಹೆಂಗ್ ನಿಂತವ್ರೆ!"

"ಈಗ ಕೊಂಚ ವಾಸಿ ಅತ್ತೆ" ಎಂದ ರಾಮಾಂಜಿನಯ್ಯ ಮೆಲ್ಲಗೆ. "ಮೊದ್ಲು ಜಾಸ್ತಿ ಬಾಗಿತ್ತು. ಬರ್ತಾ ಬರ್ತಾ ನೆಟ್ಟಗಾಗದೆ."

"ನಾನು ಮಾಟ ಮಾಡಿಲ್ಲ, ಬಾಗು ಅಳ್ದಿದೀನಿ!" ಎಂದು ನರಸಯ್ಯ ಕಿರುಚುತ್ತಿರುವಾಗಲೇ ಜೀಪು ಬಂದು ಗಕ್ಕನೆ ನಿಂತಿತು. ಕರ್ನಲ್ಲರು ಎರಡೂ ಕೈಯಲ್ಲಿ ಒಂದೊಂದು ಕೋಲು ಹಿಡಿದು ಧುಮುಕಿದರು.

"ನರಸಯ್ಯ! ಎರಡಕ್ಕೂ ಮಿಲಿಟರಿ ಅಂತ ಗುರುತು ಹಾಕಿದ್ದೀಯ. ಇದು ಗಟ್ಟಿ ಇದೆ, ಸರಿ. ಇದು ಮೀನು ಹಿಡಿಯೋ ಕಡ್ಡಿ ಥರ ಬಳುಕುತ್ತೆ! ಇದರಲ್ಲಿ ಹೊಡೆದು ಬ್ರಿಗೇಡಿಯರ್ ಅವರ ಹೆಂಡತಿ ಕಾರಿನ ಗಾಜು ಒಡೆದಿದ್ದಾರೆ. ಯಾವುದರಲ್ಲಿ ಅಳೆದೆ? ತೋರಿಸು!"

ತೋರಿಸಬೇಕಾಯಿತು, ಅದೂ ಷಡ್ಡಕನ ಎದುರಿಗೇ. ನರಸಯ್ಯ ಕಾಯಿಯನ್ನು ಎದೆಗವಚಿಕೊಂಡು ತಂದ. ಹೆಂಗಸರು ಹಿಂದೆ ಸರಿದರು. ಕರ್ನಲ್ಲರು ಅದನ್ನು ಕಿತ್ತುಕೊಂಡು ಅಲ್ಲಾಡಿಸಿದರು. ಒಳಗೆ ನೀರಿನ ಸದ್ದಿಲ್ಲ. ಏನೋ ಗಟ್ಟಿಯಾದದ್ದು ಲೊಡಲೊಡ ಉರುಳಿತು.

ತಿಪ್ಪಮ್ಮ ಹುಟ್ಟಿದ್ದೂ ಬೆಳೆದದ್ದೂ ತೆಂಗಿನ ನಡುವೆ. ಸಿಟ್ಟಿನಲ್ಲಿದ್ದರೂ ಬಾಯಿ ತಡೆಯಲಿಲ್ಲ. "ಕೊಬ್ರಿ ಆಗೋಗದೆ ಕಣ್ಲಾ!"

ಕರ್ನಲ್ಲರು ಒಂದು ಕ್ಷಣ ಕಾಯಿಯನ್ನೂ ಗೋಡೆಯನ್ನೂ ನೋಡಿದರು. ಆಮೇಲೆ ಜೀಪಿನ ಬಾನೆಟ್ಟಿಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಕಾಯಿ ಒಣಗಿ ಹಗುರ ಆಯ್ತು, ಶಾಫ್ಟೆಲ್ಲ ಗಟ್ಟಿ ಆದಂಗೆ ಕಂಡ್ವು! ಅಲ್ಲಯ್ಯ, ಹಿಡಿದಿರೋದು ಸರಿ, ಗೆರೆ ಸರಿ, ಕಟ್ಟಿದ ಜಾಗ ಸರಿ. ಫಸ್ಟ್‌ಕ್ಲಾಸ್ ಕೆಲಸ. ಭಾರ ಒಂದು ಕೆಟ್ಟಿದೆ. ಕಬ್ಬಿಣದ ತೂಕದ ಕಲ್ಲು ಕಟ್ಟಿ ಎಲ್ಲಾ ಮತ್ತೆ ಅಳೆ. ಇನ್ಮೇಲೆ ಕೋಲು ಕೂಡಿಸೋ ಕೆಲಸವೂ ನಿಂದೇ, ರಾಮಾಂಜಿನಿ ನಿನ್ನ ಕೈಕೆಳಗೆ ತಲೆ ಕೆತ್ತಿಕೊಡ್ಲಿ. ಮಾಟನೂ ಇಲ್ಲ ಮಣ್ಣೂ ಇಲ್ಲ, ಮನೆಗೆ ಹೋಗ್ರಮ್ಮ!"

ನರಸಯ್ಯನ ಎದೆ ಎರಡು ಸೈಕಲ್ಲು ಒಟ್ಟಿಗೆ ಹಾಯುವಷ್ಟು ಅಗಲವಾಯಿತು. ನಿನ್ನ ಕೈಕೆಳಗೆ! ಷಡ್ಡಕನ ಎದುರಿಗೇ ಅಂದರು! ಅವನು ಅತ್ತೆಯ ಮುಖ ನೋಡಿದ. ಆ ಮಾತು ಇನ್ನೇನು ಅವಳ ಬಾಯಿಂದ ಬಂದೇಬಿಡುತ್ತದೆ ಎಂದು ಕಾದ.

ತಿಪ್ಪಮ್ಮ ಸೆರಗು ಬಿಚ್ಚಿ ಮುಖ ಒರೆಸಿಕೊಂಡಳು. "ಥೂ, ಇಷ್ಟೇನಾ. ನಾನೂ ಅಂದ್ಕಂಡೆ, ಇವ್ನ ಕೈಲಿ ಏನಾಯ್ತದೆ ಅಂತ. ಪಂಚರ್ ನರಸನ್ಗೆ ಮಾಟ ಬೇರೆ ಬಂದಾತಾ! ಬನ್ನಿ ಅಳಿಯಂದ್ರೆ, ಬಿಸ್ಲಲ್ಲಿ ನಿಲ್ಬ್ಯಾಡಿ. ನೀವು ದೇವ್ರಂಥ ಮನ್ಷ, ನಿಜವಾದ್ ಮಾಟನೇ ಮಾಡ್ಸಿದ್ರೂ ನಿಮ್ಗೆ ತಟ್ತಿರ್ಲಿಲ್ಲ ಬುಡಿ."

ಹೆಂಗಸರು ಕಿಸಕ್ಕೆಂದರು. ಏಕಾಂತಯ್ಯ ಹಿಟ್ಟಿನ ಮೀಸೆಯೊಳಗೇ ನಕ್ಕ. "ಪುಣ್ಯವಂತ್ರು ಕಣಮ್ಮ ನಿನ್ನ ಅಳಿಯಂದ್ರು" ಎಂದು ಒಬ್ಬಳು ರಾಮಾಂಜಿನಯ್ಯನಿಗೆ ಕೈಯನ್ನೂ ಮುಗಿದಳು. ನಡೆಯದ ಮಾಟವನ್ನು ಗೆದ್ದ ಕೀರ್ತಿಯೂ ಅವನಿಗೇ ಹೋಯಿತು! ನರಸಯ್ಯನ ಹೊಟ್ಟೆಯೊಳಗಿದ್ದದ್ದು ನೇರ ನಾಲಿಗೆಗೆ ಹತ್ತಿತು.

"ಯಾರಿಗ್ಲಾ ಬರಾಕಿಲ್ಲ ಮಾಟ?" ಎಂದು ಬೆಂಚಿನ ಮೇಲೆ ಹತ್ತಿ ಅಬ್ಬರಿಸಿದ. "ಮಾಡಿದ್ದೇ ನಾನು! ತಟ್ಟಿತ್ತೋ ಇಲ್ವೋ ಅವ್ನನ್ನೇ ಕೇಳಿ! ನಾನು ಕಡ್ಡಿ ಬಗ್ಸಿದಾಗ ಅವ್ನ ಬೆನ್ನು ಬಾಗ್ಲಿಲ್ವಾ? ಕಾಯಿ ನೀರು ಎಲ್ಲೋಯ್ತು, ಯಾರ್ ಕುಡ್ದೋರು? ಆಮ್ಯಾಕೆ ಅಯ್ಯೋ ಪಾಪ ಅಂತ ಕಡ್ಡಿ ಗಟ್ಟಿ ಮಾಡ್ದೆ, ಬೆನ್ನು ನೆಟ್ಟಗಾಯ್ತು! ಬಗ್ಸಿದ್ದೂ ನಾನೇ, ನೆಟ್ಟಗ್ ಮಾಡಿದ್ದೂ ನಾನೇ! ಅವ್ನ ಪುಣ್ಯವಂತೆ, ಪುಣ್ಯ!"

ರಾಮಾಂಜಿನಯ್ಯನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಕರ್ನಲ್ಲರ ನಗು ನಿಂತಿತು.

"ಏನಂದೆ? ನನ್ನ ಶಾಫ್ಟ್ ಇಟ್ಕೊಂಡು ಮಾಟ ಮಾಡಿದ್ಯಾ? ಬ್ರಿಗೇಡಿಯರ್ ಹೆಂಡತಿ ಕೈಗೆ ಕೊಟ್ಟಿದ್ದೀನಲ್ಲಯ್ಯ ಅದನ್ನ! ರಾಮಾಂಜಿನಿ, ಎಲ್ಲಾ ಕಡ್ಡಿ ಜೀಪಿಗೆ ಹಾಕು. ನೀನೇ ಅಳೆ, ನೀನೇ ಕೂಡಿಸು. ಏಕಾಂತಯ್ಯ, ನಿಮ್ಮ ಹತ್ರ ಒಂದು ಕಬ್ಬಿಣದ ಕಲ್ಲಿದ್ರೆ ಕೊಡ್ರಿ."

ಕಡ್ಡಿಗಳೆಲ್ಲ ಜೀಪಿಗೆ ಹೋದವು, ಕಲ್ಲೂ ಹೋಯಿತು, ರಾಮಾಂಜಿನಯ್ಯ ಕರ್ನಲ್ಲರ ಪಕ್ಕದಲ್ಲೇ ಕೂತ. ನರಸಯ್ಯ ಅದೊಂದನ್ನೂ ನೋಡಲಿಲ್ಲ. ಅವನು ನೋಡುತ್ತಿದ್ದದ್ದು ಅತ್ತೆಯನ್ನು. ತಿಪ್ಪಮ್ಮ ತಲೆಯ ಮೇಲೆ ಸೆರಗು ಹೊದ್ದಿದ್ದಳು. ಎರಡು ಹೆಜ್ಜೆ ಹಿಂದಕ್ಕೆ ಸರಿದು, ಬೆಂಚಿನ ಮೇಲಿದ್ದ ನರಸಯ್ಯನಿಗೆ ಬಾಗಿ ಕೈ ಮುಗಿದಳು.

"ಅಳಿಯಂದ್ರೆ, ತಾವು ದೊಡ್ಡೋರು. ಗೊತ್ತಿಲ್ದೆ ಏನೇನೋ ಅಂದ್ಬುಟ್ಟೆ, ಮನ್ಸಲ್ಲಿ ಇಟ್ಕಬ್ಯಾಡಿ. ಇನ್ ಮ್ಯಾಕೆ ನಮ್ ಹೆಬ್ಬೂರ್ ಕಡೀಕೆ ಮಾತ್ರ ಬರಬ್ಯಾಡಿ, ನಿಮ್ ಕಾಲಿಗ್ ಬೀಳ್ತೀನಿ."

ಅಷ್ಟು ಹೇಳಿ ಕಿರಿಯ ಮಗಳ ಕೈ ಹಿಡಿದುಕೊಂಡು, ಹಿಂತಿರುಗಿ ನೋಡದೆ, ಬಸ್ ಸ್ಟ್ಯಾಂಡಿನ ಕಡೆಗೆ ಹೊರಟುಹೋದಳು. ಜೀಪು ಗುಬ್ಬಿಯ ಕಡೆಗೆ ಹೋಯಿತು. ಹೆಂಗಸರು ರಾಗಿ ಡಬ್ಬ ಎತ್ತಿಕೊಂಡು ಬೇರೆ ಗಿರಣಿ ಹುಡುಕಿಕೊಂಡು ಹೋದರು.

ನರಸಯ್ಯ ಬೆಂಚಿನಿಂದ ಇಳಿದ. ಕಣ್ಣು ತುಂಬಿ ಬಂದಿತ್ತು.

"ಕೇಳಿಸ್ಕಂಡ್ಯೇನೆ?" ಎಂದ, ಗದ್ದಲ ಕೇಳಿ ಹಿಂದಿನ ಬಾಗಿಲಿಗೆ ಬಂದು ನಿಂತಿದ್ದ ಹೆಂಡತಿಗೆ. "ಅವ್ನ ಎದ್ರುಗೇ ಅಂದ್ರು ಕಣೇ ಅತ್ತೆ! ಅಳಿಯಂದ್ರೆ ಅಂದ್ರು!"

"ಕೇಳಿಸ್ಕಂಡೆ" ಎಂದಳು ಲಕ್ಷ್ಮೀದೇವಮ್ಮ. "ಅದಾದ್ ಮ್ಯಾಲೆ ಅಂದಿದ್ದು ನೀವು ಕೇಳಿಸ್ಕಂಡ್ರಾ?"

"ಅದಾದ್ ಮ್ಯಾಲೂ ಏನಾರ ಅಂದ್ರಾ?" ಎಂದ ನರಸಯ್ಯ.